ಗೆದ್ದವರ ಗುಡಿ, ಸೋತವರ ಗಣಿ

ಸಿಸಿಲಿಯ ಮೂಡಣ ಕರಾವಳಿಯಲ್ಲಿರುವ ಸಿರಾಕ್ಯೂಸ್ ನಗರವನ್ನು ನೋಡಲು ನನಗೆ ದೊರೆತದ್ದು ಒಂದೇ ದಿನದ ಅವಕಾಶ. ಕತಾನಿಯಾದಿಂದ ಬೆಳಗಿನ ರೈಲು ಹಿಡಿದು, ಎಡಕ್ಕೆ ಅಯೋನಿಯನ್ ಸಮುದ್ರದ ನೀಲಿಯನ್ನೂ ಬಲಕ್ಕೆ ಕಿತ್ತಳೆ ನಿಂಬೆಯ ತೋಟಗಳನ್ನೂ ನೋಡುತ್ತ ಬಂದು ಇಳಿದವನು, ಪ್ರವಾಸಿಗಳು ಸಾಮಾನ್ಯವಾಗಿ ಅನುಸರಿಸುವ ಕ್ರಮವನ್ನೇ ಅನುಸರಿಸಿ, ಮೊದಲು ಹಳೆಯ ಊರಿನ ದೇವಾಲಯವನ್ನೂ, ನಡುಹಗಲಿಗೆ ಸಮುದ್ರದಂಚಿನ ಸಿಹಿನೀರಿನ ಬುಗ್ಗೆಯನ್ನೂ, ಇಳಿಹೊತ್ತಿಗೆ ಊರಾಚೆಯ ರಂಗಸ್ಥಳವನ್ನೂ ಕಲ್ಲುಗಣಿಯನ್ನೂ ನೋಡಿ, ರಾತ್ರಿಯ ರೈಲಿಗೆ ಹಿಂದಿರುಗಿದೆನು. ಈ ಕ್ರಮ ಸರಿಯಾದುದಲ್ಲವೆಂದು ನನಗೆ ಅರಿವಾದದ್ದು ಸಂಜೆಯ ಹೊತ್ತಿಗೆ. ಅದೇಕೆಂಬುದನ್ನು ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ಕ್ರಿಸ್ತಪೂರ್ವ 8ನೆಯ ಶತಮಾನದಲ್ಲಿ ಗ್ರೀಸಿನ ಕಾರಿಂಥ್ ಪಟ್ಟಣದಿಂದ ಹಡಗೇರಿ ಬಂದ ವಲಸೆಗಾರರು ದಡದಿಂದ ಕೂಗಳತೆಯ ದೂರದಲ್ಲಿದ್ದ ಒರ್ತಿಜಿಯಾ ಎಂಬ ನಡುಗಡ್ಡೆಯಲ್ಲಿ ನೆಲೆಯೂರಿದರು. ಅದು ಬೆಳೆದು, ಮುಂದೆ ರೋಮಿನ ವಾಗ್ಮಿ ಸಿಸೆರೋ ಗ್ರೀಕ್ ನಗರಗಳಲ್ಲೆಲ್ಲ ಹಿರಿದೂ ಚೆಲುವೂ ಆದುದೆಂದು ಕೊಂಡಾಡಿದ ಮಹಾನಗರವಾಯಿತು. ಪ್ಲೇಟೋ ಇಲ್ಲಿಯ ಅರಸನನ್ನು ತತ್ತ್ವಜ್ಞಾನಿಯನ್ನಾಗಿ ಮಾಡುವ ಹಂಬಲದಿಂದ ಮೂರು ಬಾರಿ ಬಂದು ಮೂರು ಬಾರಿಯೂ ನಿರಾಶನಾಗಿ ಹಿಂದಿರುಗಿದನು. ಆರ್ಕಿಮಿಡೀಸ್ ಇಲ್ಲಿಯೇ ಹುಟ್ಟಿ, ಕ್ರಿಸ್ತಪೂರ್ವ 212ರಲ್ಲಿ ರೋಮನ್ ಸೈನಿಕನೊಬ್ಬನ ಕತ್ತಿಗೆ ಇಲ್ಲಿಯೇ ಬಲಿಯಾದನು. ಸೆರೆಯಾಳಾಗಿ ರೋಮಿಗೆ ಸಾಗುತ್ತಿದ್ದ ಸಂತ ಪೌಲನ ಹಡಗು ಇಲ್ಲಿ ಮೂರು ದಿನ ತಂಗಿತ್ತು. ಈಗ ನಡುಗಡ್ಡೆಗೆ ಸೇತುವೆಯ ಮೇಲೆ ನಡೆದೇ ಹೋಗಬಹುದು. ಸೇತುವೆ ದಾಟಿದ ಕೊಂಚ ದೂರದಲ್ಲಿಯೇ ಅಪೊಲೋ ದೇವನ ಗುಡಿಯ ಮುರುಕು ಕಂಬಗಳು ಎದುರಾಗುತ್ತವೆ. ಆ ಗುಡಿ ಒಮ್ಮೆ ಇಗರ್ಜಿಯಾಗಿ, ಮತ್ತೊಮ್ಮೆ ಮಸೀದಿಯಾಗಿ, ಪುನಃ ಇಗರ್ಜಿಯಾಗಿ, ಕೊನೆಗೆ ಸ್ಪೇನಿನವರ ದಂಡಿನ ಪಾಳೆಯವಾಗಿ ಬಾಳಿ, ಈಗ ಯಾರಿಗೂ ಬೇಡವಾಗಿ ಬಯಲಿಗೆ ಬಿದ್ದಿದೆ. ಇದನ್ನು ನೋಡಿದಾಗಲೇ ಆ ದಿನದ ಪ್ರಶ್ನೆ ನನ್ನೊಳಗೆ ಮೊಳೆತಿರಬೇಕು. ಆದರೆ ಅದು ತಲೆಯೆತ್ತಿದ್ದು ಮುಂದಿನ ಗುಡಿಯಲ್ಲಿ.

ಊರಿನ ನಡುವೆ ಬಿಳಿಗಲ್ಲು ಹಾಸಿದ ಉದ್ದನೆಯ ಚೌಕದ ಮಗ್ಗುಲಲ್ಲಿ ಪ್ರಧಾನ ಇಗರ್ಜಿ ನಿಂತಿದೆ. ಅದರ ಮುಂಭಾಗ 1693ರ ಮಹಾಭೂಕಂಪದ ಅನಂತರ, 18ನೆಯ ಶತಮಾನದಲ್ಲಿ ಕಟ್ಟಿದ್ದು, ಬಹಳ ಬೆಡಗಿನದು. ಅದನ್ನು ಬಿಟ್ಟು ಪಕ್ಕದ ಮಿನರ್ವಾ ಬೀದಿಗೆ ತಿರುಗಿದರೆ ಕಾಣುವ ದೃಶ್ಯಕ್ಕಾಗಿಯೇ ಅಷ್ಟು ದೂರ ಹೋಗಬಹುದು. ಇಗರ್ಜಿಯ ಗೋಡೆಯೊಳಗಿನಿಂದ, ಮಣ್ಣಿನಲ್ಲಿ ಅರ್ಧ ಹೂತವರು ಎದ್ದುಬರುತ್ತಿರುವ ಹಾಗೆ, ಬೃಹತ್ತಾದ ಡೋರಿಕ್ ಕಂಬಗಳ ಸಾಲೊಂದು ಹೊರಕ್ಕೆ ಉಬ್ಬಿ ನಿಂತಿದೆ. ಇವು ಕ್ರಿಸ್ತಪೂರ್ವ 5ನೆಯ ಶತಮಾನದಲ್ಲಿ ಅಥೀನಾ ದೇವಿಗೆ ಕಟ್ಟಿದ ಗುಡಿಯ ಕಂಬಗಳು. ಒಂದರ ಮೇಲೆ ಕೈಯಿಟ್ಟು ನೋಡಿದೆ. ಮೇಲಿಂದ ಕೆಳಕ್ಕೆ ಕೊರೆದಿರುವ ತೋಡುಗಳು ಬಿಚ್ಚಿದ ಅಂಗೈ ಹಿಡಿಸುವಷ್ಟು ಅಗಲವಾಗಿವೆ. ತೋಡಿನ ಅಂಚುಗಳು ಸವೆದು ದುಂಡಾಗಿವೆ. ಸುಣ್ಣಕಲ್ಲಿನ ಮೈಯೆಲ್ಲ ಸಣ್ಣ ಸಣ್ಣ ತೂತು. ಕಂಬದ ತುಂಡುಗಳು ಒಂದರ ಮೇಲೊಂದು ಕೂಡುವ ಕಡೆಯಲ್ಲಿ, ಭೂಕಂಪದ ಹೊಡೆತಕ್ಕೆ ಮೇಲಿನದು ಪಕ್ಕಕ್ಕೆ ಸರಿದು ಹಾಗೆಯೇ ನಿಂತುಬಿಟ್ಟಿರುವುದೂ ಕಾಣುತ್ತದೆ. ಬಿದ್ದುಹೋಗಬೇಕಾಗಿದ್ದ ಈ ಕಂಬಗಳನ್ನು ಬೀಳದಂತೆ ಹಿಡಿದು ನಿಲ್ಲಿಸಿದುದು ಆಮೇಲೆ ಬಂದ ಮತದವರು ನಡುವೆ ತುಂಬಿದ ಗೋಡೆ.

7ನೆಯ ಶತಮಾನದಲ್ಲಿ ಜೋಸಿಮಸ್ ಎಂಬ ಬಿಷಪ್ಪನ ಕಾಲಕ್ಕೆ ಗುಡಿ ಇಗರ್ಜಿಯಾದಾಗ ಮಾಡಿದ ಮಾರ್ಪಾಡು ಸರಳವಾದುದು, ಆದರೆ ಅದರ ಅರ್ಥ ಬಹಳ ಆಳವಾದುದು. ಕಂಬಗಳ ನಡುವೆ ತೆರೆದಿದ್ದ ತೆರಪುಗಳನ್ನು ಗೋಡೆ ಹಾಕಿ ಮುಚ್ಚಿದರು. ಮುಚ್ಚಿದ್ದ ಗರ್ಭಗೃಹದ ಗೋಡೆಗಳನ್ನು ಕೊರೆದು ಕಮಾನುಗಳನ್ನು ತೆರೆದರು. ಗ್ರೀಕರ ಗುಡಿಯಲ್ಲಿ ಬಲಿಪೀಠವಿದ್ದದ್ದು ಹೊರಗೆ, ಬಯಲಿನಲ್ಲಿ. ಒಳಮನೆ ದೇವಿಗೊಬ್ಬಳಿಗೇ ಮೀಸಲು. ಈಗ ದೇವಿಯ ಒಳಮನೆಯಲ್ಲಿ ಊರಿನ ಜನ ಸಾಲಾಗಿ ಕುಳಿತು ಪೂಜೆಯಲ್ಲಿ ಭಾಗಿಗಳಾದರು. ಗುಡಿಯ ಹೊರಗೆ ನಿಂತು ಇಣುಕುವ ಜನರನ್ನು ಕಂಡು ಬೆಳೆದ ನಾಡಿನವನಾದ ನನಗೆ, ಗೋಡೆಯಲ್ಲಿ ಕೊರೆದ ಆ ಕಮಾನುಗಳ ಕೆಳಗೆ ನಿಂತಾಗ ಮನಸ್ಸು ಒಂದು ಗಳಿಗೆ ಉಲ್ಲಸಿತವಾಯಿತೆಂದು ಒಪ್ಪಿಕೊಳ್ಳುತ್ತೇನೆ.

ಆದರೆ ಇತಿಹಾಸದ ಪುಟಗಳನ್ನು ಒಂದೊಂದಾಗಿ ತಿರುವುತ್ತ ಹೋದಂತೆ ಆ ಉಲ್ಲಾಸ ನಿಲ್ಲಲಿಲ್ಲ. ಈ ಗುಡಿ ಎದ್ದದ್ದು, ವಿದ್ವಾಂಸರು ನಿರ್ಣಯಿಸಿರುವಂತೆ, ಸಿರಾಕ್ಯೂಸಿನ ಒಡೆಯನಾದ ಗೆಲೋನ್ ಕ್ರಿಸ್ತಪೂರ್ವ 480ರಲ್ಲಿ ಹಿಮೆರಾ ಎಂಬಲ್ಲಿ ಕಾರ್ಥೇಜಿನ ಸೇನೆಯನ್ನು ಧೂಳೀಪಟ ಮಾಡಿದ ತರುವಾಯ. 878ರಲ್ಲಿ ಅರಬ್ಬರು ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಊರನ್ನು ಗೆದ್ದಾಗ ಇಗರ್ಜಿ ಮಸೀದಿಯಾಯಿತು. 11ನೆಯ ಶತಮಾನದ ಕೊನೆಗೆ ನಾರ್ಮನರು ಅರಬ್ಬರನ್ನು ಗೆದ್ದಾಗ ಮಸೀದಿ ಪುನಃ ಇಗರ್ಜಿಯಾಯಿತು. ಗೆದ್ದವರು ಬಂದಾಗಲೆಲ್ಲ ಈ ಕಂಬಗಳ ನಡುವೆ ಕೃತಜ್ಞತೆಯ ಸ್ತೋತ್ರಗಳು ಮೊಳಗಿವೆ; ಸ್ತೋತ್ರದ ಭಾಷೆ ಗ್ರೀಕ್ ಆಗಿತ್ತು, ಅರಬ್ಬಿಯಾಗಿತ್ತು, ಲ್ಯಾಟಿನ್ ಆಗಿತ್ತು; ದೇವರಿಗೆ ಒಪ್ಪಿಸಿದ ಭಾವ ಮಾತ್ರ ಒಂದೇ, ನಮ್ಮನ್ನು ಗೆಲ್ಲಿಸಿದೆಯಲ್ಲ, ನೀನು ದೊಡ್ಡವನು ಎಂಬುದು. ಗೆದ್ದವರ ಪರವಾಗಿರುವವನೇ ದೇವರೆಂದಾದರೆ, ಈ ಗುಡಿಯಲ್ಲಿ ಮನುಷ್ಯರು ಪೂಜಿಸುತ್ತ ಬಂದದ್ದು ದೇವರನ್ನೋ, ಗೆಲುವನ್ನೋ? ನನ್ನ ಪ್ರಶ್ನೆ ಇದು. ನ್ಯಾಯಕ್ಕಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಹಿಮೆರಾದ ಸಂಧಿಯಲ್ಲಿ ಗೆಲೋನನು, ಇನ್ನು ಮುಂದೆ ಶಿಶುಗಳನ್ನು ದೇವರಿಗೆ ಬಲಿಕೊಡಬಾರದೆಂಬ ಷರತ್ತನ್ನು ಕಾರ್ಥೇಜಿನವರ ಮೇಲೆ ವಿಧಿಸಿದನೆಂದು ಪ್ರಾಚೀನ ಗ್ರೀಕ್ ಲೇಖಕನಾದ ಪ್ಲುಟಾರ್ಕನು ಬರೆದಿದ್ದಾನೆ. ಅದು ನಿಜವಾಗಿದ್ದರೆ, ವಿಜಯದಿಂದ ಹುಟ್ಟಿದ ಪುಣ್ಯಗಳಲ್ಲಿ ಅದಕ್ಕಿಂತ ದೊಡ್ಡದನ್ನು ನಾನು ಕೇಳಿಲ್ಲ. ಆದುದರಿಂದ ಗೆಲುವೆಲ್ಲವೂ ಹೊಲಸೆಂದು ನಾನು ಹೇಳಲಾರೆ.

ಒಳಗೆ, ಬಲಗಡೆಯ ಸಾಲಿನಲ್ಲಿ, ಗ್ರೀಕರ ಕಾಲದ ಅಮೃತಶಿಲೆಯ ಹರಿವಾಣವೊಂದನ್ನು ಏಳು ಪುಟ್ಟ ಕಂಚಿನ ಸಿಂಹಗಳು ಹೊತ್ತು ನಿಂತಿವೆ. ಕೂಸುಗಳಿಗೆ ಜ್ಞಾನಸ್ನಾನ ಮಾಡಿಸುವುದು ಅದರಲ್ಲಿಯೇ. ಅದರ ಆಚೆಗೆ ಸಂತ ಲೂಸಿಯಾಳ ಪೂಜಾಸ್ಥಾನ. ಈ ಊರಿನವಳೇ ಆದ ಆ ಕನ್ಯೆ ರೋಮನ್ ಸಾಮ್ರಾಟ ಡಯೋಕ್ಲೀಷಿಯನ್ನನ ಕಾಲದಲ್ಲಿ, 304ರಲ್ಲಿ, ತನ್ನ ಮತವನ್ನು ಬಿಡಲೊಲ್ಲದೆ ಪ್ರಾಣ ತೆತ್ತಳೆಂದು ಹೇಳುತ್ತಾರೆ. ಕಣ್ಣಿನ ಬೇನೆಯುಳ್ಳವರೆಲ್ಲರೂ ಅವಳಿಗೆ ಮೊರೆಹೋಗುವರು. ಚಿತ್ರಗಳಲ್ಲಿ ಅವಳು ತಟ್ಟೆಯೊಂದರಲ್ಲಿ ಎರಡು ಕಣ್ಣುಗಳನ್ನಿಟ್ಟುಕೊಂಡು ನಿಂತಿರುತ್ತಾಳೆ. ಅವಳ ಬೆಳ್ಳಿಯ ವಿಗ್ರಹವನ್ನು ವರ್ಷದ ಬಹುಭಾಗ ಬೀಗಹಾಕಿ ಇಟ್ಟು, ಹಬ್ಬದ ಕೆಲವೇ ದಿನ ಹೊರಕ್ಕೆ ತರುವರಾದುದರಿಂದ ನನಗೆ ಕಂಡದ್ದು ಮುಚ್ಚಿದ ಬಾಗಿಲು ಮಾತ್ರ. ಆ ಬಾಗಿಲ ಮುಂದೆ ಒಬ್ಬ ತರುಣಿ ನಾಲ್ಕೈದು ವರ್ಷದ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಮಗುವಿನ ಒಂದು ಕಣ್ಣಿಗೆ ಹತ್ತಿಯಿಟ್ಟು ಬಿಳಿಯ ಪಟ್ಟಿ ಕಟ್ಟಿತ್ತು. ಆಕೆ ಮೇಣದ ಬತ್ತಿಯನ್ನು ಹಚ್ಚಿ, ಮಗುವಿನ ಕೈಯನ್ನು ತನ್ನ ಕೈಯಲ್ಲಿ ಹಿಡಿದು ಕಬ್ಬಿಣದ ಜಾಲರಿಗೆ ಮುಟ್ಟಿಸಿ, ಆಮೇಲೆ ಅದೇ ಪುಟ್ಟ ಬೆರಳುಗಳನ್ನು ಪಟ್ಟಿಯ ಮೇಲೆ ಮೆಲ್ಲನೆ ಒತ್ತಿದಳು. ಮಗು ಆಕಳಿಸಿತು. ನಮ್ಮೂರುಗಳಲ್ಲಿ ದೇವಿಯ ಗುಡಿಗೆ ಬೆಳ್ಳಿಯ ಕಣ್ಣು ಒಪ್ಪಿಸುವುದಾಗಿ ಹರಕೆ ಹೊತ್ತು ನಿಲ್ಲುವ ತಾಯಂದಿರ ನೆನಪಾಗಿ, ನಾನು ಬಹಳ ಹೊತ್ತು ಅಲ್ಲಿಂದ ಕದಲಲಿಲ್ಲ.

ಆಕೆಯ ಬೇಡಿಕೆ ನೆರವೇರಿದರೆ ಲೋಕದಲ್ಲಿ ಯಾರಿಗೂ ಏನೂ ನಷ್ಟವಿಲ್ಲ. ಅವಳ ಮಗುವಿನ ಕಣ್ಣು ವಾಸಿಯಾಗಲೆಂದು ಇನ್ನೊಬ್ಬಳ ಮಗು ಕುರುಡಾಗಬೇಕಾಗಿಲ್ಲ. ಗೆಲೋನನ ಪ್ರಾರ್ಥನೆಗೂ ಈಕೆಯ ಪ್ರಾರ್ಥನೆಗೂ ಇರುವ ಭೇದ ಇದೇ ಎಂದು ನನಗೆ ಆಗ ಹೊಳೆಯಿತು: ಒಂದು ಸಫಲವಾಗಬೇಕಾದರೆ ಇನ್ನೊಬ್ಬನ ಪ್ರಾರ್ಥನೆ ವಿಫಲವಾಗಲೇಬೇಕು, ಮತ್ತೊಂದಕ್ಕೆ ಅಂಥ ಅಗತ್ಯವಿಲ್ಲ.

ಹೊರಗೆ ಬಂದು ಕಡಲಿನ ಕಡೆಗೆ ಇಳಿದರೆ ಅರೆತೂಸಾ ಬುಗ್ಗೆ. ಉಪ್ಪುನೀರಿಗೆ ನಾಲ್ಕಾರು ಹೆಜ್ಜೆ ಈಚೆಗೆ, ದುಂಡಗೆ ಕಟ್ಟಿದ ಕೊಳದಲ್ಲಿ ಸಿಹಿನೀರು ಉಕ್ಕುತ್ತದೆ. ನಡುವೆ ಪಪೈರಸ್ ಜೊಂಡು ಹಸುರಾಗಿ ಬೆಳೆದಿದೆ. ಗ್ರೀಸಿನ ಅಪ್ಸರೆಯೊಬ್ಬಳು ನದೀದೇವನಿಂದ ತಪ್ಪಿಸಿಕೊಂಡು ಸಮುದ್ರದ ಅಡಿಯಲ್ಲೇ ಹರಿದುಬಂದು ಇಲ್ಲಿ ತಲೆಯೆತ್ತಿದಳೆಂಬುದು ಪುರಾಣ. ಈ ಕಡಲಂಚಿಗೆ ಸೇರಿದ ಒಂದು ಆಚಾರವನ್ನು ಪ್ರಾಚೀನ ಲೇಖಕನಾದ ಅಥೀನಿಯಸ್ ದಾಖಲಿಸಿದ್ದಾನೆ. ಅಥೀನಾ ದೇವಿಯ ಗುಡಿಯ ಮೇಲೆ ದೊಡ್ಡದೊಂದು ಗುರಾಣಿಯಿತ್ತಂತೆ. ಬಂದರಿನಿಂದ ಹೊರಡುವ ನಾವಿಕರು ಬಲಿಪೀಠದಿಂದ ಒಂದು ಬಟ್ಟಲನ್ನು ತೆಗೆದುಕೊಂಡು, ಆ ಗುರಾಣಿ ಕಣ್ಣಿಗೆ ಮರೆಯಾಗುವವರೆಗೂ ಸಾಗಿ, ಆಮೇಲೆ ಹೂವು, ಜೇನು, ಧೂಪಗಳೊಡನೆ ಬಟ್ಟಲನ್ನು ಕಡಲಿಗೆ ಅರ್ಪಿಸುತ್ತಿದ್ದರು. ಊರಿನ ಕೊನೆಯ ಗುರುತು ಕಣ್ಮರೆಯಾಗುವ ಆ ಕ್ಷಣದಲ್ಲಿ ಹಡಗಿನ ಅಂಚಿಗೆ ಬಾಗಿ ಜೇನಿನ ಬಟ್ಟಲನ್ನು ನೀರಿಗೆ ಬಿಡುವ ಆ ಒರಟು ಕೈಗಳನ್ನು ಊಹಿಸಿಕೊಳ್ಳಿ. ಬದುಕಿ ಮರಳಿದರೆ ಸಾಕೆನ್ನುವ ಆ ಬೇಡಿಕೆಯೂ ತಾಯಿಯ ಬೇಡಿಕೆಯ ಜಾತಿಯದೇ.

ಆದರೆ ಇಲ್ಲಿ ಒಂದು ತೊಡಕಿದೆ. ಅದನ್ನು ಮರೆಮಾಚುವುದು ಸರಿಯಲ್ಲ. ಸಂತ ಲೂಸಿಯಾಳ ಹಬ್ಬದಂದು, ಎಂದರೆ ಡಿಸೆಂಬರ್ 13ರಂದು, ಇಲ್ಲಿಯ ಜನ ಗೋಧಿಯನ್ನು ಅರೆಯದೆ ಬೀಸದೆ ಇಡಿಯಾಗಿ ಬೇಯಿಸಿ, ಸಿಹಿಮಾಡಿ ತಿನ್ನುತ್ತಾರೆ. ಅದಕ್ಕೆ ಕುಚ್ಚೀಯ ಎಂದು ಹೆಸರು. 17ನೆಯ ಶತಮಾನದ ಒಂದು ಕ್ಷಾಮದಲ್ಲಿ, ಲೂಸಿಯಾಳಿಗೆ ಮೊರೆಯಿಟ್ಟ ಜನರ ಕಣ್ಣೆದುರಿಗೆ ಗೋಧಿಯ ಹಡಗು ಬಂದರಿಗೆ ಬಂದಿತೆಂದೂ, ಹಸಿದವರಿಗೆ ಹಿಟ್ಟು ಮಾಡಿಕೊಳ್ಳುವಷ್ಟು ತಾಳ್ಮೆಯಿಲ್ಲದೆ ಕಾಳನ್ನೇ ಬೇಯಿಸಿ ಉಂಡರೆಂದೂ ಐತಿಹ್ಯ. ಆ ಹಡಗು ಇನ್ನೊಂದು ಹಸಿದ ಊರಿಗೆ ಹೋಗಬೇಕಾಗಿದ್ದುದಾದರೆ? ಅಲ್ಲಿಯ ತಾಯಂದಿರೂ ತಮ್ಮ ಸಂತನಿಗೆ ಮೊರೆಯಿಟ್ಟಿರಲಿಲ್ಲವೆ? ನಮ್ಮ ತುತ್ತು ಇನ್ನೊಬ್ಬರ ಹಸಿವಿನಿಂದ ಪೂರ್ತಿಯಾಗಿ ಬೇರೆಯಾಗಿರುವುದು ಅಪರೂಪ. ಹಾಗಿದ್ದರೂ ಭೇದ ಅಳಿಯುವುದಿಲ್ಲವೆಂದು ನಾನು ಬಗೆಯುತ್ತೇನೆ. ಹಸಿದವನು ಅನ್ನವನ್ನು ಬೇಡುತ್ತಾನೆ, ಪರರ ಹಸಿವನ್ನು ಬೇಡುವುದಿಲ್ಲ; ಪರರ ಹಸಿವು ಅವನಿಗೆ ತಿಳಿದರೆ ಅವನು ನಾಚಬಲ್ಲನು. ಯುದ್ಧಕ್ಕೆ ಹೊರಟವನು ಬೇಡುವುದೇ ಪರರ ನಾಶವನ್ನು. ಅದು ತಿಳಿದೂ ನಾಚುವುದಿಲ್ಲ, ಹಾಡುತ್ತಾನೆ.

ಮಧ್ಯಾಹ್ನದ ಬಿಸಿಲು ಇಳಿದ ಮೇಲೆ ಸೇತುವೆ ದಾಟಿ ಊರಾಚೆಯ ದಿಣ್ಣೆಗೆ ಹೋದೆ. ಅಲ್ಲಿ ಬಂಡೆಯನ್ನೇ ಕಡಿದು ಮೆಟ್ಟಿಲು ಮೆಟ್ಟಿಲಾಗಿ ಮಾಡಿರುವ ಗ್ರೀಕ್ ರಂಗಸ್ಥಳವಿದೆ. 1914ರಲ್ಲಿ ಪುನರಾರಂಭವಾದ ಪ್ರಾಚೀನ ನಾಟಕಗಳ ಪ್ರಯೋಗ ಇಂದಿಗೂ ಬೇಸಿಗೆಯಲ್ಲಿ ಅಲ್ಲಿ ನಡೆಯುತ್ತದೆ. ಅಥೆನ್ಸಿನ ಈಸ್ಕಿಲಸ್ ಕವಿಯನ್ನು ಇಲ್ಲಿಯ ಅರಸನಾದ ಹೀರೋನ್ ಕರೆಸಿಕೊಂಡು, ಅವನ ‘ಪಾರಸಿಕರು’ ನಾಟಕವನ್ನು ಈ ಊರಿನಲ್ಲಿ ಆಡಿಸಿದನೆಂದು ಪ್ರತೀತಿ. ಕನ್ನಡಿಗರಿಗೆ ಆ ನಾಟಕ ಅಪರಿಚಿತವಲ್ಲ, ಬಿ. ಎಂ. ಶ್ರೀಕಂಠಯ್ಯನವರು ಅದನ್ನು ನಮ್ಮ ನುಡಿಗೆ ತಂದಿದ್ದಾರೆ. ಈಸ್ಕಿಲಸ್ ಮ್ಯಾರಥಾನಿನಲ್ಲಿ ಪರ್ಷಿಯನರ ವಿರುದ್ಧ ತಾನೇ ಕಾದಿದ ಯೋಧ. ಅಂಥವನು ತನ್ನವರ ಮಹಾವಿಜಯವನ್ನು ನಾಟಕ ಮಾಡಹೊರಟಾಗ, ರಂಗವನ್ನು ಅಥೆನ್ಸಿನಲ್ಲಿ ಹೂಡದೆ ಶತ್ರುವಿನ ರಾಜಧಾನಿಯಲ್ಲಿ ಹೂಡಿದನು. ಜಯಘೋಷವನ್ನು ಬರೆಯದೆ ಸೋತ ಅರಸನ ತಾಯಿಯ ದುಃಖವನ್ನು ಬರೆದನು. ಶ್ರೀಕಂಠಯ್ಯನವರು ರನ್ನನ ಗದಾಯುದ್ಧವನ್ನೂ ಗ್ರೀಕ್ ರುದ್ರನಾಟಕದ ಅಚ್ಚಿನಲ್ಲಿ ಎರಕ ಹೊಯ್ದವರು. ಸಾಹಸಭೀಮನ ವಿಜಯವೆಂದೇ ಹೆಸರಿಟ್ಟ ಕಾವ್ಯದಲ್ಲಿ ರನ್ನನು ಓದುಗನ ಕಣ್ಣೀರನ್ನೆಲ್ಲ ದುರ್ಯೋಧನನ ಕಡೆಗೆ ಹರಿಸಿದುದನ್ನು ಅವರು ಚೆನ್ನಾಗಿ ಬಲ್ಲವರು. ಅರ್ಚಕನು ಗೆದ್ದವನಿಗೆ ಹಾರ ಹಾಕುವ ಹೊತ್ತಿನಲ್ಲಿ ಕವಿ ಸೋತವನ ಮನೆಗೆ ಹೋಗಿ ಕೂತಿರುತ್ತಾನೆ. ದೇವರ ಸ್ವಭಾವಕ್ಕೆ ಈ ಇಬ್ಬರಲ್ಲಿ ಯಾರು ಹತ್ತಿರದವರೆಂದು ಕೇಳಿದರೆ, ನನ್ನ ಉತ್ತರ ಸಂದೇಹವಿಲ್ಲದ್ದು.

ರಂಗಸ್ಥಳದ ಪಕ್ಕದಲ್ಲಿಯೇ ನೆಲ ಒಮ್ಮೆಗೇ ಕುಸಿದಂತೆ ಆಳವಾದ ಕಲ್ಲುಗಣಿ. ನಗರವನ್ನು ಕಟ್ಟಲು ಗ್ರೀಕರು ತಲೆಮಾರುಗಳ ಕಾಲ ಸುಣ್ಣಕಲ್ಲನ್ನು ಕಡಿದು ಸಾಗಿಸಿದ್ದರಿಂದ ಊರಿನ ಈ ಅಂಚಿನಲ್ಲೆಲ್ಲ ಇಂಥ ಹಳ್ಳಗಳ ಸಾಲೇ ಇದೆ. ಬೆಳಗ್ಗೆ ನಾನು ಕೈಯಿಟ್ಟ ಕಂಬದ್ದೂ ಇಂಥದೇ ಬಿಳಿಯ, ತೂತುತೂತಾದ ಕಲ್ಲು. ಈಗ ಹಳ್ಳದೊಳಗೆ ನಿಂಬೆ, ಕಿತ್ತಳೆಯ ಗಿಡಗಳು ಬೆಳೆದು, ನೆರಳು ತಂಪಾಗಿದೆ. ಸ್ವರ್ಗದ ಗಣಿಯೆಂದು ಇದನ್ನು ಕರೆಯುತ್ತಾರೆ. ಕ್ರಿಸ್ತಪೂರ್ವ 413ರಲ್ಲಿ ಸಿರಾಕ್ಯೂಸಿನ ಗಣಿಗಳೊಳಕ್ಕೆ ಏಳು ಸಾವಿರಕ್ಕೆ ಕಡಿಮೆಯಿಲ್ಲದಷ್ಟು ಯುದ್ಧಕೈದಿಗಳನ್ನು ದೂಡಿದರೆಂದು ಗ್ರೀಕ್ ಇತಿಹಾಸಕಾರನಾದ ಥ್ಯುಸಿಡಿಡೀಸ್ ಬರೆದಿದ್ದಾನೆ. ಅವರಿದ್ದದ್ದು ಪೂರ್ವಕ್ಕಿರುವ ಇನ್ನೊಂದು ಗಣಿಯಲ್ಲಿ ಎಂಬುದು ಊರಿನವರ ನಂಬಿಕೆ. ಬಂಡೆ ಎರಡು ಕಡೆಯೂ ಒಂದೇ, ಆಕಾಶವೂ ಒಂದೇ.

ಆ ಕೈದಿಗಳು ಯಾರು? ಅಥೀನಾ ದೇವಿಯ ಸ್ವಂತ ಊರಾದ ಅಥೆನ್ಸಿನವರು, ಅವರ ಮಿತ್ರರು. ಕ್ರಿಸ್ತಪೂರ್ವ 415ರ ಬೇಸಿಗೆಯಲ್ಲಿ ಅವರ ನೌಕಾಸೇನೆ ಸಿಸಿಲಿಯನ್ನು ಗೆಲ್ಲಲು ಹೊರಟಾಗ, ಬಂದರಿನಲ್ಲಿ ಕಹಳೆಯೂದಿ ಎಲ್ಲರನ್ನೂ ಮೌನಗೊಳಿಸಿ, ಹಡಗು ಹಡಗಿನಲ್ಲಿಯೂ ಚಿನ್ನ ಬೆಳ್ಳಿಯ ಬಟ್ಟಲುಗಳಿಂದ ದ್ರಾಕ್ಷಾರಸದ ತರ್ಪಣ ಬಿಟ್ಟು, ದಡದಲ್ಲಿ ನೆರೆದ ಜನರೂ ಸೇರಿ ಒಕ್ಕೊರಲಿನಿಂದ ಪ್ರಾರ್ಥಿಸಿದರು. ಎದುರಾಳಿಗಳಾದ ಸಿರಾಕ್ಯೂಸಿನವರೂ ಗ್ರೀಕರೇ. ಅವರ ಊರಿನ ನೆತ್ತಿಯ ಮೇಲಿದ್ದದ್ದೂ ಅಥೀನಾ ದೇವಿಯದೇ ಗುಡಿ. ಇತ್ತ ಕಡೆಯ ಬಟ್ಟಲೂ ಅತ್ತ ಕಡೆಯ ಬಟ್ಟಲೂ ಅದೇ ದೇವತೆಗಳಿಗೆ. ಇಲ್ಲಿಯ ಎತ್ತರದ ಮೇಲೆ ನಡೆದ ರಾತ್ರಿಯ ಕಾಳಗವೊಂದರಲ್ಲಿ ಅಥೆನ್ಸಿನವರ ಪಕ್ಷದಲ್ಲಿದ್ದ ಡೋರಿಯನ್ ಕುಲದ ಗ್ರೀಕ್ ಮಿತ್ರರು ದೇವಸ್ತೋತ್ರವನ್ನು ಹಾಡಿದಾಗ, ಶತ್ರುಗಳ ಸ್ತೋತ್ರವೂ ಅದೇ ಆದುದರಿಂದ, ಕತ್ತಲೆಯಲ್ಲಿ ತಮ್ಮವರಾರು ಹಗೆಗಳಾರು ಎಂಬುದು ತಿಳಿಯದೆ ಅಥೆನ್ಸಿನ ಸೈನಿಕರು ದಿಕ್ಕೆಟ್ಟರೆಂದು ಅದೇ ಇತಿಹಾಸಕಾರನು ಹೇಳುತ್ತಾನೆ. ಧರ್ಮದ ಚರಿತ್ರೆಯಲ್ಲಿ ಇದಕ್ಕಿಂತ ಭಯಾನಕವಾದ ಘಟನೆಯನ್ನು ನಾನು ಓದಿದ್ದಿಲ್ಲ. ಕತ್ತಲೆಯಲ್ಲಿ ಕತ್ತಿ ಹಿರಿದ ಎರಡು ಪಡೆಗಳ ಬಾಯಲ್ಲಿಯೂ ಒಂದೇ ಹಾಡು! ಮಹಾಭಾರತದ ಗಾಂಧಾರಿ ಯುದ್ಧದ ದಿನಗಳಲ್ಲಿ ತನ್ನ ಮಗನಿಗೇ ಗೆಲುವಾಗಲೆಂದು ಹರಸದೆ, ಧರ್ಮವಿದ್ದಲ್ಲಿ ಗೆಲುವಾಗಲಿ ಎಂದಷ್ಟೇ ಹೇಳಿದಳಲ್ಲ. ಆ ಸಂಯಮಕ್ಕೆ ಎಂತಹ ಎದೆ ಬೇಕೆಂಬುದು ನನಗೆ ಆ ಗಣಿಯ ದಂಡೆಯ ಮೇಲೆ ಅರ್ಥವಾಯಿತು.

ಅಥೆನ್ಸಿನ ಸೇನಾಪತಿಯಾದ ನಿಸಿಯಾಸನ ಕಥೆಯನ್ನು ಹೇಳದಿದ್ದರೆ ಈ ವಿಚಾರ ಅಪೂರ್ಣವಾಗುತ್ತದೆ. ಅವನು ದೈವಭಕ್ತ, ಶೀಲವಂತ. ಸೋಲು ಖಚಿತವಾಗಿ, ಸೇನೆ ಗುಟ್ಟಾಗಿ ಹಡಗೇರಿ ಪಾರಾಗಲು ಸಿದ್ಧವಾದ ರಾತ್ರಿ, ಕ್ರಿಸ್ತಪೂರ್ವ 413ರ ಆಗಸ್ಟ್ 27ರಂದು, ಚಂದ್ರಗ್ರಹಣವಾಯಿತು. ಜೋಯಿಸರು ಮೂರೊಂಬತ್ತು ದಿನ ಕದಲಬಾರದೆಂದರು. ನಿಸಿಯಾಸನು ಅದನ್ನು ಶಿರಸಾ ವಹಿಸಿದನು. ಅಷ್ಟರಲ್ಲಿ ಸಿರಾಕ್ಯೂಸಿನವರು ಬಂದರಿನ ಬಾಯಿಯನ್ನು ಮುಚ್ಚಿದರು. ಹಡಗುಗಳನ್ನು ಕಳೆದುಕೊಂಡು ನೆಲದ ಮೇಲೆ ಹೊರಟ ನಲವತ್ತು ಸಾವಿರ ಜನ, ಗಾಯಾಳುಗಳನ್ನು ಅಳುತ್ತಿರುವಂತೆಯೇ ಬಿಟ್ಟು ನಡೆದು, ಕೊನೆಗೆ ಅಸಿನಾರಸ್ ಹೊಳೆಯಲ್ಲಿ ರಕ್ತ ಬೆರೆತ ಕೆಸರು ನೀರಿಗಾಗಿ ಒಬ್ಬರನ್ನೊಬ್ಬರು ತುಳಿಯುತ್ತ ಕೊಲೆಯಾದರು, ಉಳಿದವರು ಸೆರೆಯಾದರು. ಗ್ರಹಣ ಬಿಟ್ಟು ಸ್ನಾನವಾಗುವವರೆಗೆ ಒಲೆ ಹಚ್ಚದ ಮನೆಯಲ್ಲಿ ಬೆಳೆದ ನಾನು ನಿಸಿಯಾಸನನ್ನು ಹಳಿಯಲಾರೆ. ದೇವರಿಗೂ ಮನುಷ್ಯರಿಗೂ ಸಲ್ಲಿಸಬೇಕಾದುದನ್ನು ಸಲ್ಲಿಸಿ ಬಾಳಿದ್ದೇನೆಂದು ಅವನು ಕೊನೆಯ ದಿನಗಳಲ್ಲಿ ಸೈನಿಕರಿಗೆ ಹೇಳಿಕೊಂಡದ್ದೂ ಸುಳ್ಳಲ್ಲ. ಆದರೂ ಅವನು ಆಕಾಶದ ಸನ್ನೆಯನ್ನು ನೋಡುತ್ತ ಕುಳಿತಾಗ, ಕಣ್ಣೆದುರಿಗೆ ಜೌಗಿನ ಜ್ವರದಲ್ಲಿ ನರಳುತ್ತಿದ್ದವರೂ ದೇವರ ಸನ್ನೆಯೇ ಎಂದು ಅವನಿಗೆ ತೋರಲಿಲ್ಲ. ಭಕ್ತಿ ಅವನಲ್ಲಿ ಕೊರತೆಯಾಗಿರಲಿಲ್ಲ. ಅದು ಮೇಲಕ್ಕೆ ಮಾತ್ರ ನೋಡಿತು.

ಗಣಿಯೊಳಗೆ ಕೈದಿಗಳಿಗೆ ದಿನಕ್ಕೆ ತಲೆಗೆ ಸುಮಾರು ಕಾಲು ಲೀಟರ್ ನೀರು, ಅದರ ಇಮ್ಮಡಿ ಅಳತೆಯ ಕಾಳು. ಮೇಲೆ ಸೂರಿಲ್ಲ; ಹಗಲು ಉರಿ, ಶರತ್ಕಾಲದ ಇರುಳು ಚಳಿ; ಸತ್ತವರ ಹೆಣಗಳು ಬದುಕಿದ್ದವರ ಪಕ್ಕದಲ್ಲಿಯೇ ಒಟ್ಟಿದ್ದುವು. ಎಪ್ಪತ್ತು ದಿನಗಳಾದ ಮೇಲೆ ಮಿತ್ರರಲ್ಲಿ ಬಹುಮಂದಿಯನ್ನು ಗುಲಾಮರಾಗಿ ಮಾರಿದರು. ಅಥೆನ್ಸಿನವರು ಎಂಟು ತಿಂಗಳು ಹಾಗೆಯೇ ಇದ್ದರು. ಅವರಲ್ಲಿ ಕೆಲವರು ಯೂರಿಪಿಡೀಸ್ ಕವಿಯ ಪದ್ಯಗಳನ್ನು ನೆನಪಿನಿಂದ ಹೇಳಿ ಬಿಡುಗಡೆ ಪಡೆದರೆಂದೂ, ಊರಿಗೆ ಮರಳಿದವರು ಕವಿಯ ಮನೆಗೆ ಹೋಗಿ ವಂದಿಸಿದರೆಂದೂ ಪ್ಲುಟಾರ್ಕನು ಬರೆದಿದ್ದಾನೆ. ಸೇನೆ ಹೊರಟ ಅದೇ ವರ್ಷದ ವಸಂತದಲ್ಲಿ ಯೂರಿಪಿಡೀಸ್ ಅಥೆನ್ಸಿನ ರಂಗದ ಮೇಲೆ ತಂದಿದ್ದ ನಾಟಕ, ಸೋತ ಟ್ರಾಯ್ ನಗರದ ಹೆಂಗಸರ ಗೋಳಿನದು. ಅದನ್ನು ನೋಡಿದ್ದವರೇ ಹಡಗೇರಿದರು. ಅವರ ದೇವಸ್ತೋತ್ರ ಅವರನ್ನು ಉಳಿಸಲಿಲ್ಲ. ಪರರ ದುಃಖವನ್ನು ಹಾಡಿದವನ ಮಾತು ಕೆಲವರನ್ನಾದರೂ ಉಳಿಸಿತು.

ಆ ಹಳ್ಳದ ಒಂದು ಮೂಲೆಯಲ್ಲಿ ಡಯೋನಿಸಿಯಸ್ಸನ ಕಿವಿ ಎಂಬ ಗುಹೆಯಿದೆ. ಬಂಡೆಯಲ್ಲಿ ಸುಮಾರು 23 ಮೀಟರ್ ಎತ್ತರಕ್ಕೆ, 65 ಮೀಟರ್ ಆಳಕ್ಕೆ, ಕಿವಿಯ ಸುಳಿಯಂತೆ ಬಳುಕಿಕೊಂಡು ಒಳಕ್ಕೆ ಹೋಗುತ್ತದೆ. ಬಾಗಿಲಲ್ಲಿ ಯಾರೋ ಒಂದು ಕಾಗದವನ್ನು ಹರಿದರು. ಒಳಗೆ ನಿಂತಿದ್ದ ನನಗೆ ಬಟ್ಟೆಯ ಥಾನನ್ನೇ ಸೀಳಿದಂತೆ ಕೇಳಿಸಿತು. ಡಯೋನಿಸಿಯಸ್ ಎಂಬ ನಿರಂಕುಶ ದೊರೆ ಇದರೊಳಗೆ ಕೈದಿಗಳನ್ನಿರಿಸಿ, ಮೇಲಿನ ಬಿರುಕಿಗೆ ಕಿವಿಗೊಟ್ಟು, ಅವರ ಪಿಸುಮಾತುಗಳನ್ನೆಲ್ಲ ಕೇಳಿ, ಅದರಂತೆ ಶಿಕ್ಷೆ ವಿಧಿಸುತ್ತಿದ್ದನೆಂಬ ದಂತಕಥೆ ಬಹುಕಾಲದಿಂದ ಇದೆ. ಕತ್ತಲೆಯಲ್ಲಿ ನಿಂತು ಯೋಚಿಸುತ್ತಿದ್ದಂತೆ, ನಮ್ಮಲ್ಲಿ ಬಹುಮಂದಿ ದೇವರಿಗೆ ಕೊಟ್ಟಿರುವುದು ಈ ಕಿವಿಯನ್ನೇ ಅಲ್ಲವೆ ಎನ್ನಿಸಿತು: ಒಂದೋ ನಮ್ಮ ತಪ್ಪುಗಳನ್ನು ಎಣಿಸುವ ಕಿವಿ, ಇಲ್ಲವೇ ನಮ್ಮ ಯುದ್ಧಘೋಷವನ್ನು ಮೆಚ್ಚುವ ಕಿವಿ. ಬಾಯಾರಿದವನ ನರಳಾಟವನ್ನು ಕೇಳಿ ನೀರು ಕಳುಹಿಸುವ ಕಿವಿಯನ್ನು ಆ ದೊರೆಗೆ ಯಾವ ಕಥೆಗಾರನೂ ಕೊಡಲಿಲ್ಲ. ದೇವರಿಗಾದರೂ ನಾವು ಅದನ್ನು ಕೊಡಬೇಡವೆ?

ಇಷ್ಟು ನೋಡಿ ಸಂಜೆ ನಡುಗಡ್ಡೆಗೆ ಮರಳಿದೆ. ರೈಲಿಗೆ ಇನ್ನೂ ಹೊತ್ತಿತ್ತು. ಮಿನರ್ವಾ ಬೀದಿಯಲ್ಲಿ ದೀಪ ಹಚ್ಚಿದ್ದರು. ಗೋಡೆಯ ಕಂಬಗಳು ಹಳದಿಯ ಬೆಳಕಿನಲ್ಲಿ ಇನ್ನಷ್ಟು ಮುಂದಕ್ಕೆ ಬಂದಂತೆ ಕಂಡುವು. ಬೆಳಗ್ಗೆ ಮುಟ್ಟಿದ ಕಂಬವನ್ನೇ ಹುಡುಕಿ ಮತ್ತೆ ಮುಟ್ಟಿದೆ. ಬೆಳಗ್ಗೆ ಅದು ನನಗೆ ಪ್ರಾಚೀನ ಶಿಲ್ಪದ ವೈಭವವಾಗಿತ್ತು. ಈಗ ಗಣಿಯಿಂದ ಎತ್ತಿದ ಕಲ್ಲಾಗಿತ್ತು. ಇಗರ್ಜಿಯೊಳಗೆ ಲೂಸಿಯಾಳ ಜಾಲರಿಯ ಮುಂದೆ ಬತ್ತಿಗಳು ಬೆಳಗಿನದಕ್ಕಿಂತ ಹೆಚ್ಚಾಗಿ ಉರಿಯುತ್ತಿದ್ದುವು. ಈ ಗುಡಿಯನ್ನು ಸುಮಾರು ಇಪ್ಪತ್ತೈದು ಶತಮಾನಗಳಿಂದ ಪವಿತ್ರವಾಗಿ ಇರಿಸಿರುವುದು ಗೆಲೋನನ ಕೃತಜ್ಞತೆಯೂ ಅಲ್ಲ, ಅರಬ್ಬರದೂ ಅಲ್ಲ, ನಾರ್ಮನರದೂ ಅಲ್ಲ. ಅಂಥ ಬತ್ತಿಗಳೇ ಎಂದು ನಾನು ನಂಬುತ್ತೇನೆ.

ಸಿರಾಕ್ಯೂಸಿಗೆ ಹೋಗುವ ಕನ್ನಡಿಗರಲ್ಲಿ ನನ್ನದೊಂದು ಬೇಡಿಕೆ. ರೈಲಿನಿಂದ ಇಳಿದೊಡನೆ ಎಲ್ಲರಂತೆ ಸೇತುವೆಯ ಕಡೆಗೆ ತಿರುಗದಿರಿ. ಮೊದಲು ಗಣಿಗೆ ಹೋಗಿ, ಅದರ ತಳಕ್ಕೆ ಇಳಿದು, ಸ್ವಲ್ಪ ಹೊತ್ತು ಕುಳಿತು ಬನ್ನಿ. ಆಮೇಲೆ ಗುಡಿಗೆ ಹೋಗಿ. ಅದು ಸಂಜೆಗೂ ತೆರೆದಿರುತ್ತದೆ.